ಮೂರು ಕನ್ನಡಿಯ ಕೊಳವೆ, ಉಮ್ಮತ್ತಿ ಹೂವು

ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವ ಅಭ್ಯಾಸ ನನಗೆ ಎಂದೂ ಇರಲಿಲ್ಲ. ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿ ಇಡೀ ಕೋಣೆಗೆ ಒಂದೇ ಕನ್ನಡಿ. ಬೈತಲೆ ನೇರವಿದೆಯೇ, ವಿಭೂತಿ ಅಳಿಸಿಲ್ಲವೇ ಎಂದು ನೋಡಿ ಪಕ್ಕಕ್ಕೆ ಸರಿಯಬೇಕು. ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೂ ಆ ರೂಢಿ ಹೋಗಲಿಲ್ಲ. ಆದ್ದರಿಂದ ಎಂಬತ್ತರ ದಶಕದ ನಡುವಿನ ಆ ಮಾಘ ಮಾಸದ ಬೆಳಿಗ್ಗೆ ನನ್ನ ಬಲಗಣ್ಣನ್ನು ನಾನು ಗಮನಿಸಿದ್ದು ಅಕಸ್ಮಾತ್ತಾಗಿ. ಕುಂಕುಮದ ಪುಡಿ ರೆಪ್ಪೆಯ ಮೇಲೆ ಉದುರಿತೆಂದು ಒರೆಸಲು ಹತ್ತಿರಕ್ಕೆ ಬಾಗಿದೆ. ಎಡಗಣ್ಣು ಎಂದಿನಂತಿತ್ತು. ಬಲಗಣ್ಣಿನಲ್ಲಿ ಕಂದು ಬಣ್ಣವೇ ಕಾಣಲಿಲ್ಲ. ಅಂಚಿನಲ್ಲಿ ಒಂದು ತೆಳುವಾದ ಉಂಗುರ ಬಿಟ್ಟರೆ ಉಳಿದದ್ದೆಲ್ಲ ಕಪ್ಪು ಪಾಪೆ.

ಬೇರೆಯವರಾಗಿದ್ದರೆ ಏನೋ ಧೂಳು ಬಿದ್ದಿದೆ ಎಂದುಕೊಳ್ಳುತ್ತಿದ್ದರು. ನನಗೆ ಹಾಗಾಗಲಿಲ್ಲ, ಏಕೆಂದರೆ ನಾನು ಪಾಠ ಕಲಿತಿದ್ದೆ. ಲಿಂಗಸುಗೂರಿನ ನಮ್ಮ ಹಾಸ್ಟೆಲಿನಲ್ಲಿ ಶನಿವಾರ ಮಧ್ಯಾಹ್ನ ಪ್ರಥಮ ಚಿಕಿತ್ಸೆಯ ತರಗತಿ ಇರುತ್ತಿತ್ತು. ವಾರ್ಡನ್ ಅಕ್ಕೋರು ಸಾಲಾಗಿ ಕೂರಿಸಿ ಬಾಯಿಪಾಠ ಮಾಡಿಸುತ್ತಿದ್ದರು. ತಲೆಗೆ ಪೆಟ್ಟಾದವರ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಬೇಕು. ಎರಡೂ ಪಾಪೆ ಸಮವಾಗಿದ್ದರೆ ಮಲಗಿಸಿ ಕಾಯಬೇಕು. ಒಂದು ದೊಡ್ಡದು, ಒಂದು ಚಿಕ್ಕದು ಇದ್ದರೆ ತಲೆಯೊಳಗೆ ರಕ್ತ ಇಳಿಯುತ್ತಿದೆ ಎಂದರ್ಥ, ಕಾಯುವ ಮಾತಿಲ್ಲ. ಒಮ್ಮೆ ನಮ್ಮ ಕೋಣೆಯ ಹುಡುಗಿಯೊಬ್ಬಳು ಬಾವಿಯ ಮೆಟ್ಟಿಲಿನಿಂದ ಬಿದ್ದಾಗ ಬ್ಯಾಟರಿ ಹಿಡಿದವಳು ನಾನೇ. ಅವಳ ಒಂದು ಪಾಪೆ ಬೆಳಕಿಗೆ ಕುಗ್ಗಿತು, ಇನ್ನೊಂದು ಹಾಗೇ ಅಗಲವಾಗಿ ನನ್ನನ್ನು ನೋಡುತ್ತಿತ್ತು. ಅಕ್ಕೋರು ಕೂಡಲೇ ಜೀಪು ತರಿಸಿದರು. ಎರಡು ದಿನ ಬಿಟ್ಟು ಅವಳ ಹಾಸಿಗೆಯನ್ನು ತಾವೇ ಸುತ್ತಿ ಕಟ್ಟಿ, ಟ್ರಂಕಿನ ಮೇಲಿಟ್ಟು ಮನೆಯವರಿಗೆ ಒಪ್ಪಿಸಿದರು.

ಆ ಬೆಳಿಗ್ಗೆ ನಾನು ಬ್ಯಾಟರಿ ತಂದು ನನ್ನ ಕಣ್ಣಿಗೇ ಬಿಟ್ಟುಕೊಂಡೆ. ಎಡದ ಪಾಪೆ ಕುಗ್ಗಿತು. ಬಲದ್ದು ಅಲುಗಲಿಲ್ಲ. ಬ್ಯಾಟರಿ ಆರಿಸಿ, ಅದರ ಜಾಗದಲ್ಲಿಟ್ಟು, ಒಲೆ ಹಚ್ಚಲು ಹೋದೆ. ಒಲೆ ಹತ್ತುವಷ್ಟರಲ್ಲಿ ಕಡ್ಡಿಪೆಟ್ಟಿಗೆಯಲ್ಲಿ ಅರ್ಧ ಕಡ್ಡಿಗಳು ಹಾಳಾದವು.

ನಮ್ಮದು ಮುಂದೆ ಫೋಟೊ ಸ್ಟುಡಿಯೋ, ಹಿಂದೆ ಮನೆ. ನಾನು, ನನ್ನ ಯಜಮಾನರು, ಅತ್ತೆ, ಎರಡು ತುಂಬಿದ ಮಗಳು. ಯಜಮಾನರು ಫೋಟೊ ತೆಗೆಯುತ್ತಿದ್ದರು. ಡಾರ್ಕ್‌ರೂಮ್ ನನ್ನದು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ಮುಖದ ಕಲೆ, ಸಿಡುಬಿನ ಗುಳಿ ಮುಚ್ಚುವ ಕೆಲಸವೂ ನನ್ನದೇ. ಮದುವೆ ಮನೆಗಳಲ್ಲಿ ಒಳಗಿನ ಕೋಣೆಗೆ ಗಂಡಸು ಕ್ಯಾಮೆರಾ ಹಿಡಿದು ಬರುವುದನ್ನು ಹಲವರು ಒಪ್ಪುತ್ತಿರಲಿಲ್ಲ. ಅಲ್ಲಿಗೆ ನಾನು ಹೋಗುತ್ತಿದ್ದೆ. ಹೀಗಾಗಿ ನಮ್ಮ ಅನ್ನದಲ್ಲಿ ಅರ್ಧ ಪಾಲು ನನ್ನ ಬಲಗಣ್ಣಿನದು.

ಆ ಕಣ್ಣು ಮೂರು ಕನ್ನಡಿಯ ಕೊಳವೆಗೆ ಬಿದ್ದದ್ದು ವಳಕಮದಿನ್ನಿಯ ಒಂದು ಮದುವೆಯ ದೆಸೆಯಿಂದ. ಹೆಣ್ಣಿನ ಕಡೆಯವರು ಗದ್ದೆ ಇದ್ದ ಕುಳ. ಹೈದರಾಬಾದಿನ ನೆಂಟರ ಆಲ್ಬಮ್ ತಂದು ತೋರಿಸಿದರು. ಒಂದು ಪುಟದಲ್ಲಿ ನಡುವೆ ಮದುಮಗಳ ಮುಖ, ಸುತ್ತ ಅದೇ ಮುಖ ಎಸಳೆಸಳಾಗಿ ಹೂವಿನಂತೆ ಅರಳಿತ್ತು. ನಮ್ಮ ಹುಡುಗಿಗೂ ಇಂಥದ್ದೇ ಬೇಕು ಎಂದರು. ಯಜಮಾನರು ಆಗಲಿ ಎಂದುಬಿಟ್ಟರು. ಹೆಣ್ಣಿನ ಕಡೆಯವರು ಹೋದ ಮೇಲೆ ಒಳಗೆ ಬಂದು ನನ್ನೆದುರು ಕೂತರು.

"ಹೂಂ ಅಂದೀನಿ. ಹೆಂಗ ಮಾಡೋದು ಅಂತ ನನಗ ಗೊತ್ತಿಲ್ಲ. ಈಗ ನೀ ನೋಡು."

ಅದಕ್ಕೆ ಲೆನ್ಸಿನ ಮುಂದೆ ಹಾಕಬೇಕಾದ ಪಟ್ಟೆಪಟ್ಟೆಯ ಗಾಜು ಸಿಂಧನೂರಿನಲ್ಲಿರಲಿ, ರಾಯಚೂರಿನಲ್ಲೂ ಸಿಗಲಿಲ್ಲ. ನನಗೆ ಹಾಸ್ಟೆಲಿನ ಕೈಕೆಲಸದ ತರಗತಿ ನೆನಪಾಯಿತು. ಮೂರು ಕನ್ನಡಿ ಪಟ್ಟಿಗಳನ್ನು ಮುಖ ಒಳಗೆ ಮಾಡಿ ಕಟ್ಟಿ, ತುದಿಯಲ್ಲಿ ಬಳೆಚೂರು ಹಾಕಿ ತಿರುಗಿಸುವ ಕೊಳವೆ. ಬಳೆಚೂರಿನ ಬದಲು ಮುಖ ಇಟ್ಟರೆ ಮುಖ ಅರಳಬೇಕಲ್ಲ. ಫೋಟೊಗೆ ಕಟ್ಟು ಹಾಕುವ ಅಂಗಡಿಯಿಂದ ಕನ್ನಡಿ ಪಟ್ಟಿ ಕತ್ತರಿಸಿ ತಂದೆ. ಕಣ್ಣಿಗೆ ಚೆನ್ನಾಗಿ ಕಂಡಿತು, ಫೋಟೊದಲ್ಲಿ ಕೆಟ್ಟಿತು. ಮಾಮೂಲಿ ಕನ್ನಡಿಗೆ ಪಾದರಸ ಇರುವುದು ಗಾಜಿನ ಹಿಂದೆ. ಗಾಜಿನ ಮೇಲ್ಮೈಯೂ ತನ್ನದೊಂದು ಮಸುಕು ಬಿಂಬ ತೋರಿಸುತ್ತದೆ. ಪ್ರತಿ ಸಂದಿನಲ್ಲೂ ಎರಡೆರಡು ಗೆರೆ ಬಂದವು. ಆಗ ಡಾರ್ಕ್‌ರೂಮಿನ ಗ್ಲೇಜಿಂಗ್ ಪ್ಲೇಟು ಕಣ್ಣಿಗೆ ಬಿತ್ತು. ಒದ್ದೆ ಪ್ರಿಂಟನ್ನು ಮಗುಚಿ ಅಂಟಿಸಿ ಒಣಗಿಸಿದರೆ ಹೊಳಪು ಬರುತ್ತದಲ್ಲ, ಆ ಲೋಹದ ತಗಡು. ಅದರ ಮೇಲ್ಮೈಯೇ ಕನ್ನಡಿ. ಮೂಲೆ ಗೀರಿದ್ದ ಹಳೆಯದೊಂದನ್ನು ಡಬ್ಬಿ ಬೆಸೆಯುವವನ ಹತ್ತಿರ ಮೂರು ಪಟ್ಟಿ ಮಾಡಿಸಿದೆ. ಕಪ್ಪು ಕಾಗದ ಸುತ್ತಿದೆ. ತಗಡಿನ ಅಂಚು ಹುಬ್ಬಿಗೂ ಲೆನ್ಸಿಗೂ ಗೀರಬಾರದೆಂದು ಎರಡೂ ತುದಿಗೆ ಹಳೇ ರವಿಕೆಯ ಬಟ್ಟೆ ಮಡಿಸಿ ಸುತ್ತು ಹಾಕಿ ಹೊಲಿದೆ.

ಮನುಷ್ಯರ ಮುಖ ಕೂರಿಸುವ ಮೊದಲು ಹೂವಿನ ಮೇಲೆ ಕೈ ಕುದುರಿಸೋಣ ಎಂದುಕೊಂಡೆ. ಹೂವು ಅಲುಗುವುದಿಲ್ಲ, ಬೇಸರಪಡುವುದಿಲ್ಲ. ಚೆಂಡು ಹೂವು ಮುದ್ದೆಯಾಗಿ ಬಂತು. ದಾಸವಾಳ ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಇದ್ದಿಲಾಯಿತು. ಹಿತ್ತಿಲ ಗೋಡೆಯ ಬುಡದಲ್ಲಿ ಅತ್ತೆ ಒಂದು ಉಮ್ಮತ್ತಿ ಗಿಡ ಬೆಳೆಸಿದ್ದರು. ಸೋಮವಾರ ಲಿಂಗಕ್ಕೆ ಏರಿಸಲು. ಅದರ ಹೂವು ಬಿಳಿ, ಕಹಳೆಯಂಥದ್ದು; ಗಂಟಲಲ್ಲಿ ಕತ್ತಲು. ಕಪ್ಪು ಬಿಳುಪಿಗೆ ಅದಕ್ಕಿಂತ ಒಳ್ಳೆಯ ಹೂವು ನಮ್ಮ ಓಣಿಯಲ್ಲಿರಲಿಲ್ಲ.

ಆ ಮೊದಲ ಪ್ರಿಂಟು ಡೆವಲಪರಿನ ತಟ್ಟೆಯಲ್ಲಿ ಮೂಡಿದ್ದನ್ನು ಮರೆಯಲಾರೆ. ಮೊದಲು ಕಪ್ಪು ಗಂಟಲುಗಳು ಒಂದೊಂದಾಗಿ ಬಂದವು, ಅವುಗಳ ಸುತ್ತ ಬಿಳಿ ಎಸಳು ಒಂದಕ್ಕೊಂದು ತುದಿ ತಾಗಿಸಿಕೊಂಡು ನಿಂತವು. ಒಂದೇ ಹೂವು ಜಾತ್ರೆಯಂತೆ ನೆರೆದಿತ್ತು. ಯಜಮಾನರು ಅದನ್ನು ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಇಡೋಣ ಎಂದರು. ಅತ್ತೆಗೆ ಮಾತ್ರ ಸೇರಲಿಲ್ಲ.

"ದೇವರಿಗೆ ಏರಸೋ ಹೂವಿಗೆ ಕತ್ತರಿ ಹಾಕ್ತೀಯಲ್ಲಬೇ. ಕತ್ತರಿಸಿ ಏನು ನೋಡಾಕತ್ತೀ ಅದರಾಗ?"

ನಾನು ಕೆಲಸ ಮುಂದುವರಿಸಿದೆ. ದಿನಾ ಬೆಳಿಗ್ಗೆ ಅದೇ ಕ್ರಮ. ಬಿಸಿಲೇರುವ ಮುಂಚೆ ಹೂವು ಕೊಯ್ಯುವುದು, ಕಹಳೆಯ ಬುಡ ಕತ್ತರಿಸಿ ಕೇಸರ ತೆಗೆಯುವುದು, ಕೊಳವೆಯ ಬಾಯಿಗೆ ಹೂವನ್ನು ಒತ್ತಿ ಹಿಡಿಯುವುದು. ನಮ್ಮದು ಎರಡು ಲೆನ್ಸಿನ ಕ್ಯಾಮೆರಾ. ಮೇಲಿನದರಲ್ಲಿ ನೋಡುವುದು, ಕೆಳಗಿನದು ಫೋಟೊ ತೆಗೆಯುವುದು. ಕೊಳವೆ ಹೊಂದುವುದು ಕೆಳಗಿನದಕ್ಕೆ. ಅದು ಏನು ಕಾಣುತ್ತಿದೆ ಎಂದು ನಮಗೆ ಕಾಣದು. ಆದ್ದರಿಂದ ಮೊದಲು ಕೊಳವೆಯನ್ನು ನನ್ನ ಬಲಗಣ್ಣಿಗೆ ಒತ್ತಿಕೊಂಡು, ಚಿತ್ತಾರ ಸರಿಯಾಗಿ ಕೂತಿದೆಯೇ ಎಂದು ನೋಡಿ, ಆಮೇಲೆ ಲೆನ್ಸಿಗೆ ಸಿಕ್ಕಿಸುತ್ತಿದ್ದೆ.

ಹೀಗೆ ನಡೆಯುತ್ತಿದ್ದಾಗ ಆ ಕುಂಕುಮದ ಬೆಳಿಗ್ಗೆ ಬಂದದ್ದು.

ಮನೆಯಲ್ಲಿ ಹೇಳಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಓಡಾಡಿದೆ. ಅಂಗಳದ ಬಿಸಿಲು ಬಲಗಣ್ಣಿಗೆ ಸೂಜಿಯಂತೆ ಚುಚ್ಚುತ್ತಿತ್ತು. ಪೆನ್ಸಿಲ್ಲು ಹಿಡಿದು ನೆಗೆಟಿವ್ ಮುಂದೆ ಕೂತರೆ ಮೊನೆಯೇ ಕಾಣುತ್ತಿರಲಿಲ್ಲ; ದೂರದ ಕಟ್ಟೆಯ ಮೇಲಿನ ಬೆಕ್ಕು ಕಾಣುತ್ತಿತ್ತು, ಕೈಯೊಳಗಿನ ಮುಖ ಕರಗಿಹೋಗುತ್ತಿತ್ತು. ತಲೆಗೆ ಪೆಟ್ಟು ಬಿದ್ದ ನೆನಪಿಲ್ಲ. ಆದರೂ ಒಳಗೇ ಏನೋ ಒಡೆದಿರಬಹುದಲ್ಲ. ಮಗಳಿಗೆ ಉಣಿಸುವಾಗ ಅವಳು ದೊಡ್ಡವಳಾದ ಮೇಲೆ ನನ್ನ ಮುಖ ನೆನಪಿಟ್ಟುಕೊಳ್ಳುತ್ತಾಳೋ ಇಲ್ಲವೋ ಎಂದು ಯೋಚನೆ ಬರುತ್ತಿತ್ತು. ಎರಡು ವರ್ಷದ ಕೂಸಿಗೆ ಏನು ನೆನಪಿರುತ್ತದೆ? ಸ್ಟುಡಿಯೋ ಇಟ್ಟುಕೊಂಡ ಮನೆಯಲ್ಲಿ ನನ್ನ ಒಂದೂ ಒಳ್ಳೆಯ ಫೋಟೊ ಇರಲಿಲ್ಲ.

ಹೆದರಿದಾಗ ಕ್ರಮ ಬಿಡಬಾರದು ಎಂದು ನಮಗೆ ಕಲಿಸಿದ್ದರು. ನಾನು ಬಿಡಲಿಲ್ಲ. ಕಣ್ಣು ಸುಧಾರಿಸಿತೋ ಇಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆ ಇಟ್ಟುಕೊಂಡೆ. ಬೆಳಿಗ್ಗೆ ಹೊಸ ಹೂವು ಇಟ್ಟು, ಕೊಳವೆಯನ್ನು ಅದೇ ಕೆಟ್ಟ ಕಣ್ಣಿಗೆ ಒತ್ತಿ, ಸಂದಿನ ಗೆರೆಗಳು ಕಾಣುತ್ತವೆಯೇ ನೋಡುವುದು. ಬೆಳಗಿನ ಜಾವ ಏಳುವಾಗ ಪಾಪೆ ಕೊಂಚ ಚಿಕ್ಕದಾದಂತೆ ಅನಿಸುತ್ತಿತ್ತು. ಅಡುಗೆಯ ಹೊತ್ತಿಗೆ ಮತ್ತೆ ಅಗಲವಾಗಿರುತ್ತಿತ್ತು. ಬೆಳಿಗ್ಗೆ ಆಸೆ, ಅನ್ನ ಬಸಿಯುವಾಗ ಭಯ.

ಸೆರಗು ಎಷ್ಟು ದಿನ ಮುಚ್ಚೀತು? ಒಂದು ಮಧ್ಯಾಹ್ನ ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೊರ ಕೊಡಲು ಬಾಗಿದೆ. ಗಾಳಿಗೆ ಸೆರಗು ಸರಿಯಿತು. ಅವರು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

"ಏನಾಗೈತಿಬೇ ಇದು? ಒಂದು ಕಡ್ಲಿಯಷ್ಟು ಆಗೈತಿ, ಒಂದು ಸಾಸ್ವಿಯಷ್ಟು ಐತಿ."

ನಾನು ಕಣ್ಣುಬೇನೆ ಎಂದೆ. ಕಣ್ಣುಬೇನೆ ಕೆಂಪಗಿರುತ್ತದೆ, ಇದು ಕಪ್ಪಗಿದೆ ಎಂದು ಗದ್ದ ಬಿಟ್ಟರು. ಜೋಳ ಹಸನು ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ ಮಗನನ್ನು ಕರೆದರು. ಯಜಮಾನರು ಊಟಕ್ಕೆ ಕೂತರೆ ಏನಾದರೊಂದು ಚೇಷ್ಟೆ ಮಾತಾಡುವವರು. ಅಂದು ತಲೆ ತಗ್ಗಿಸಿ ಉಂಡೆದ್ದರು. ವಳಕಮದಿನ್ನಿಯ ಮದುವೆ ಮುಗಿದ ಮರುದಿನವೇ ರಾಯಚೂರಿಗೆ ಕರೆದೊಯ್ಯುತ್ತೇನೆ ಎಂದರು. ಕಾಯುವ ಮಾತಿಲ್ಲ ಎಂಬ ಹಾಸ್ಟೆಲಿನ ವಾಕ್ಯ ನನ್ನ ಗಂಟಲಿಗೆ ಬಂತು. ಹೇಳಿದರೆ ಅವರ ಮನಸ್ಸು ಕ್ಯಾಮೆರಾದಲ್ಲಿ ನಿಲ್ಲುವುದಿಲ್ಲ, ಮದುವೆಯ ಫೋಟೊ ಕೆಡುತ್ತವೆ. ನುಂಗಿಕೊಂಡೆ.

ಮರುದಿನ ಜೀಪೊಂದು ಮೈಕಿನ ಕರ್ಣ ಕಟ್ಟಿಕೊಂಡು ಕೂಗುತ್ತ ಹೋಯಿತು. ಲಿಂಗಸುಗೂರಿನಲ್ಲಿ ಕಣ್ಣಿನ ಶಿಬಿರ, ರಾಯಚೂರಿನಿಂದ ದೊಡ್ಡ ಡಾಕ್ಟರು ಬರುತ್ತಾರೆ. ದಿನ ಕೇಳಿದರೆ ಸರಿಯಾಗಿ ಮದುವೆಯ ದಿನ. ನಾನೊಬ್ಬಳೇ ಹೋಗಿ ಬರುತ್ತೇನೆ ಎಂದೆ. ಒಳಕೋಣೆಯ ಫೋಟೊ ಹೇಗೆ ಎಂದು ಯಜಮಾನರು ಕೇಳಲೇ ಇಲ್ಲ. ಆ ದಿನ ಬೆಳಿಗ್ಗೆ ಬಸ್ಸಿನ ಚಿಲ್ಲರೆಯನ್ನು ನನ್ನ ಕೈಯಲ್ಲಿಟ್ಟು, "ಜಲ್ದಿ ಬಾ" ಎಂದಷ್ಟೇ ಹೇಳಿ ಕ್ಯಾಮೆರಾ ಹೆಗಲಿಗೇರಿಸಿ ಹೊರಟರು.

ನಾನು ಹೊರಟಾಗ ಮಗಳು ಸೆರಗು ಹಿಡಿದು ಅತ್ತಳು. ಎಷ್ಟು ಸಮಾಧಾನ ಮಾಡಿದರೂ ಬಿಡಲಿಲ್ಲ. ಆ ಕೊಳವೆ ಎಂದರೆ ಅವಳಿಗೆ ಜೀವ. ಯಾವತ್ತೂ ಮುಟ್ಟಗೊಡದ ಅದನ್ನು ಅಂದು ಅವಳ ಕೈಗೆ ಕೊಟ್ಟೆ. ಸಂಜೆ ಬರುವತನಕ ಇದರಲ್ಲಿ ನೋಡುತ್ತಿರು ಎಂದೆ. ಅಳು ನಿಂತಿತು. ತಿರುಗಿ ನೋಡಿದಾಗ ಕೊಳವೆಯ ತುದಿಯ ಬಟ್ಟೆಯನ್ನು ಗದ್ದಕ್ಕೆ ಒತ್ತಿಕೊಂಡು ನಿಂತಿದ್ದಳು.

ಶಿಬಿರ ಇದ್ದದ್ದು ನಾನು ಓದಿದ ಶಾಲೆಯಲ್ಲೇ. ಹಾಸ್ಟೆಲಿನ ಊಟದ ಪಡಸಾಲೆಯಲ್ಲಿ ಜಮಖಾನೆ ಹಾಸಿ ಮುದುಕ ಮುದುಕಿಯರನ್ನು ಸಾಲಾಗಿ ಕೂರಿಸಿದ್ದರು. ಸಾಲು ನೆಟ್ಟಗಿರಲಿಲ್ಲ, ಆ ಗೋಡೆಗಳ ನಡುವೆ ಅದು ನನಗೆ ಕಿರಿಕಿರಿ ಮಾಡಿತು. ಕಿಟಕಿಯಿಂದ ಬಾವಿ ಕಾಣುತ್ತಿತ್ತು. ಮೆಟ್ಟಿಲಿಗೆ ಈಗ ಕಬ್ಬಿಣದ ಕಟಾಂಜನ ಹಾಕಿಸಿದ್ದರು. ನಾನು ಅದಕ್ಕೆ ಬೆನ್ನು ಮಾಡಿ ಕೂತೆ.

ನರ್ಸಮ್ಮ ಸೀಸೆ ಹಿಡಿದು ಒಬ್ಬೊಬ್ಬರ ಕಣ್ಣಿಗೂ ಹನಿ ಬಿಡುತ್ತ ಬಂದಳು. ನನ್ನ ಪಕ್ಕದವರಿಗೆ ಬಿಟ್ಟಾಗ ಸೀಸೆ ಬರಿದಾಗಿ, ಇನ್ನೊಂದು ತರಲು ಹೋದಳು. ಹನಿ ಬಿದ್ದವರು ಕಣ್ಣು ಮುಚ್ಚಿ ಕಾಯಬೇಕು. ನನ್ನ ಪಕ್ಕದ ಸಂತೆಕಲ್ಲೂರಿನ ಅಜ್ಜಿ ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು ನನ್ನ ಕಡೆ ತಿರುಗಿದಳು. ಅವಳ ಎರಡೂ ಪಾಪೆ ಅಗಲವಾಗಿ ಕಪ್ಪಗೆ ಹರಡಿದ್ದವು. ಅವಳಾಚೆ ಕೂತ ಮುದುಕನದ್ದೂ ಹಾಗೇ. ಸಾಲಿನಲ್ಲಿದ್ದವರೆಲ್ಲ ನನ್ನ ಬಲಗಣ್ಣನ್ನೇ ಇಟ್ಟುಕೊಂಡು ಕೂತಿದ್ದರು. ಎಲ್ಲರಿಗೂ ಒಂದೇ ರೋಗವೇ, ಎಲ್ಲರೂ ಸಾಯಲು ಬಂದವರೇ ಎಂದು ಒಂದು ಗಳಿಗೆ ಅನಿಸಿತು.

ಅಷ್ಟರಲ್ಲಿ ನರ್ಸಮ್ಮ ಬಂದು ನನ್ನ ಮುಖ ಎತ್ತಿ ಗೊಂದಲಪಟ್ಟಳು.

"ನಿಮಗ ಒಂದ ಕಣ್ಣಿಗೆ ಹಾಕೀನೇನ್ರಿ ಅಕ್ಕಾರ? ಇನ್ನೊಂದು ತೋರಸ್ರಿ."

ನೀವು ಯಾವುದಕ್ಕೂ ಹಾಕಿಲ್ಲ, ಇದು ತಾನೇ ಹೀಗಾಗಿದೆ ಎಂದೆ. ಅವಳು ಸೀಸೆಗೆ ಮುಚ್ಚಳ ಹಾಕಿ ನೇರ ಡಾಕ್ಟರ ಹತ್ತಿರ ಹೋದಳು. ನನ್ನನ್ನು ಸಾಲು ತಪ್ಪಿಸಿ ಒಳಗೆ ಕರೆದರು. ಹಾಸ್ಟೆಲಿನಲ್ಲಿ ಸಾಲು ತಪ್ಪಿಸಿ ಒಳಗೆ ಕರೆದದ್ದು ಬಾವಿಯ ಮೆಟ್ಟಿಲಿನಿಂದ ಬಿದ್ದ ಆ ಹುಡುಗಿಯ ತಂದೆಯನ್ನು ಮಾತ್ರ.

ಡಾಕ್ಟರು ನಡುವಯಸ್ಸಿನವರು, ಮೆಲುದನಿ. ತಲೆನೋವು, ವಾಂತಿ, ಬಿದ್ದದ್ದು, ಎರಡೆರಡು ಕಾಣುವುದು, ಎಲ್ಲ ಕೇಳಿದರು. ಎಲ್ಲಕ್ಕೂ ಇಲ್ಲವೆಂದೆ. ಪಾಪೆ ಕುಗ್ಗಿಸುವ ಬೇರೆ ಹನಿ ಎಂದು ಹೇಳಿ ಎರಡೂ ಕಣ್ಣಿಗೆ ಬಿಟ್ಟು ಮೂಲೆಯ ಸ್ಟೂಲಿನ ಮೇಲೆ ಕೂರಿಸಿದರು. ಆ ಕಾಯುವಿಕೆಯಲ್ಲಿ ನಾನು ದೇವರನ್ನು ನೆನೆಯಲಿಲ್ಲ. ಮಗಳ ಲಂಗ ಯಾವ ಹಗ್ಗದ ಮೇಲೆ ಒಣಗಿದೆ, ಫೋಟೊ ತೊಳೆಯುವ ಹೈಪೋ ಡಬ್ಬಿ ಎಲ್ಲಿದೆ, ಅಡವಿಟ್ಟ ಬೆಂಡೋಲೆಯ ಚೀಟಿ ಎಲ್ಲಿದೆ ಎಂದು ನಾನಿಲ್ಲದಾಗ ಯಜಮಾನರಿಗೆ ಬೇಕಾಗುವುದನ್ನೆಲ್ಲ ಮನಸ್ಸಿನಲ್ಲೇ ಹೊಂದಿಸಿಟ್ಟೆ.

ಮತ್ತೆ ಬಂದು ನೋಡಿದರು. ಎಡದ ಪಾಪೆ ಸೂಜಿಮೊನೆಯಾಗಿತ್ತಂತೆ. ಬಲದ್ದು ಇದ್ದಲ್ಲೇ ಇತ್ತು. ಡಾಕ್ಟರ ಮುಖ ಸಡಿಲವಾಯಿತು. ತಲೆಯೊಳಗೆ ಕೆಟ್ಟಿದ್ದರೆ ಈ ಹನಿಗೆ ಬಲದ್ದೂ ಕುಗ್ಗಬೇಕಿತ್ತು, ಹೊರಗಿನಿಂದ ಏನೋ ಔಷಧಿ ಬಿದ್ದು ಅದನ್ನು ತಡೆದು ಹಿಡಿದಿದೆ ಎಂದರು. ನೀವು ಏನು ಕೆಲಸ ಮಾಡುತ್ತೀರಿ, ಕಣ್ಣಿಗೆ ಏನು ತಾಗಿಸಿಕೊಳ್ಳುತ್ತೀರಿ ಎಂದು ಕೇಳಿದರು. ಡೆವಲಪರ್, ಹೈಪೋ ಎಲ್ಲ ಹೇಳಿದೆ. ತಲೆಯಾಡಿಸಿದರು. ಕೊನೆಗೆ ಸಂಕೋಚದಿಂದ ಕೊಳವೆಯ ವಿಷಯ, ಹೂವಿನ ವಿಷಯ ಹೇಳಿದೆ.

"ಯಾವ ಹೂವು ತಾಯಿ?"

"ಉಮ್ಮತ್ತಿ ರೀ."

ಅವರು ಕೈಯಲ್ಲಿದ್ದ ಬ್ಯಾಟರಿ ಕೆಳಗಿಟ್ಟರು.

"ಹೊರಗ ಕೂತವ್ರ ಕಣ್ಣಿಗೆ ನಾವು ಹಾಕೋ ಹನಿ ಐತಲ್ಲ, ಅಂಥಾ ಔಷಧಾನ ಉಮ್ಮತ್ತಿಯೊಳಗೂ ಐತಿ. ನಾವು ಒಮ್ಮೆ ಹಾಕ್ತೀವಿ. ನೀವು ದಿನಾ ಬೆಳಿಗ್ಗೆ ಹಾಕ್ಕೊಂಡೀರಿ."

ಬಟ್ಟೆಯ ಸುತ್ತು ಕಣ್ಣ ಮುಂದೆ ಬಂತು. ಹೂವಿಗೆ ತಾಗುವ ತುದಿ, ಕಣ್ಣಿಗೆ ತಾಗುವ ತುದಿ ಎಂದು ನಾನು ಬೇರೆ ಮಾಡಿಟ್ಟಿರಲಿಲ್ಲ. ಕತ್ತರಿಸಿದ ಹೂವಿನ ರಸ ದಿನಾ ಅದರಲ್ಲಿ ಇಂಗುತ್ತಿತ್ತು. ಕಣ್ಣು ಸುಧಾರಿಸಿತೇ ಎಂದು ನೋಡಲು ಹೋಗಿ, ಸುಧಾರಿಸುತ್ತಿದ್ದ ಕಣ್ಣಿಗೆ ಮತ್ತೆ ಮತ್ತೆ ಅದನ್ನೇ ಒತ್ತಿದ್ದೆ. ಮುಟ್ಟುವುದು ಬಿಟ್ಟರೆ ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ ಎಂದರು. ನನಗೆ ನಗು ಬಂತು, ಅವರಿಗೂ ಬಂತು. ಎದ್ದು ಕೈಮುಗಿದೆ. ಬಾಗಿಲವರೆಗೆ ಬಂದಾಗ ಕಾಲು ನಿಂತುಹೋಯಿತು.

ತಿರುಗಿ ಹೋಗಿ, ಆ ಕೊಳವೆಯನ್ನು ಬೆಳಿಗ್ಗೆ ಕೂಸಿನ ಕೈಗೆ ಕೊಟ್ಟು ಬಂದಿದ್ದೇನೆ ಎಂದೆ. ಏನು ಕೊಟ್ಟರೂ ಮೊದಲು ಬಾಯಿಗಿಡುವವಳು ಎಂದೂ ಹೇಳಿದೆ. ಅವರ ನಗು ಹೋಯಿತು.

"ಕಣ್ಣಿಗೆ ಬಿದ್ರ ಫಿಕರ್ ಇಲ್ಲ. ಬಾಯಾಗ ಇಟ್ಟು ಚೀಪಿದ್ರ ಕಷ್ಟ ಐತಿ. ಮುಖ ಕೆಂಪಾಗಿ, ಬಾಯಿ ಒಣಗಿ, ಮೈ ಸುಟ್ಟು, ಏನೇನೋ ಮಾತಾಡಾಕತ್ತಿದ್ರ ತಡಾ ಮಾಡಬ್ಯಾಡ್ರಿ. ದವಾಖಾನಿಗೆ ಒಯ್ದು ಉಮ್ಮತ್ತಿ ಅಂತ ಹೇಳ್ರಿ."

ಬಸ್ ನಿಲ್ದಾಣಕ್ಕೆ ಓಡಿದೆ. ಮದುವೆಯಾದ ಮೇಲೆ ನಾನು ಬೀದಿಯಲ್ಲಿ ಓಡಿದ್ದು ಅದೇ ಮೊದಲು. ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಫೋನಿತ್ತು, ನಂಬರು ನನಗೆ ಗೊತ್ತಿರಲಿಲ್ಲ. ಬಸ್ಸು ಹೊರಟಿತು. ಸಂತೆಕಲ್ಲೂರಿನಲ್ಲಿ ಯಾರದೋ ತೊಗರಿ ಚೀಲಗಳನ್ನು ಒಂದೊಂದಾಗಿ ಮೇಲಕ್ಕೇರಿಸಿದರು. ಒಂದು ಚೀಲದ ಬಾಯಿ ಬಿಚ್ಚಿತೆಂದು ಇಳಿಸಿ, ಹೊಲಿದು, ಮತ್ತೆ ಏರಿಸಿದರು. ನಾನು ಎರಡೂ ಕೈಯಲ್ಲಿ ಮುಂದಿನ ಸೀಟಿನ ಸರಳು ಹಿಡಿದುಕೊಂಡಿದ್ದೆ. ಅವಳ ಮೈ ಈಗ ಬಿಸಿಯಾಗಿರಬಹುದೇ? ಅತ್ತೆ ಅದನ್ನು ಜ್ವರವೆಂದು ತಿಳಿದು ಕೌದಿ ಹೊದಿಸಿ ಮಲಗಿಸಿರಬಹುದೇ? ಮಸ್ಕಿಯಲ್ಲಿ ಡ್ರೈವರು ಚಹಾಕ್ಕೆ ಇಳಿದ. ನಮ್ಮ ತವರು ಮನೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲೇ ಇದೆ. ಕಿಟಕಿಯಿಂದ ನೋಡಿದರೆ ನಮ್ಮವ್ವ ಹಾಕಿದ ಬೇವಿನ ಮರದ ತುದಿ ಕಾಣುತ್ತದೆ. ಆ ದಿನ ಅದನ್ನು ನೋಡಿಯೂ ನೋಡದವಳಂತಿದ್ದೆ. ಗೊರೇಬಾಳದ ಗದ್ದೆಗಳಲ್ಲಿ ನಿಂತ ನೀರಿನಿಂದ ಬಿಸಿಲು ಎದ್ದು ಬಂದು ಬಲಗಣ್ಣಿಗೆ ಹೊಡೆಯಿತು. ಅಂಗೈಯಿಂದ ಕಣ್ಣು ಮುಚ್ಚಿಕೊಂಡೆ. ಮುಚ್ಚಿದ ಕತ್ತಲಲ್ಲೂ ಬಟ್ಟೆಯನ್ನು ಗದ್ದಕ್ಕೆ ಒತ್ತಿಕೊಂಡ ಕೂಸೇ ನಿಂತಿತ್ತು. ತಲೆಯೊಳಗೆ ರಕ್ತ ಇಳಿಯುತ್ತಿದೆ ಎಂದು ನಂಬಿದ್ದ ಅಷ್ಟೂ ದಿನಗಳ ಭಯ ಆ ಒಂದು ಪ್ರಯಾಣದ ಮುಂದೆ ಏನೂ ಅಲ್ಲ.

ಬಾಗಿಲು ತೆರೆದಿತ್ತು. ಅತ್ತೆ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೂಸು ಹೊರಸಿನ ಮೇಲೆ ಕುತ್ತಿಗೆವರೆಗೆ ಕೌದಿ ಹೊದ್ದು ಮಲಗಿತ್ತು. ಕೆನ್ನೆ ಕೆಂಪಗಿತ್ತು. ಮುಟ್ಟಿದರೆ ಬಿಸಿ. ಚಪ್ಪಲಿ ಕಾಲಲ್ಲೇ ಒಳಗೆ ಹೋಗಿ ಬ್ಯಾಟರಿ ತಂದೆ. ಮಲಗಿದ್ದವಳ ರೆಪ್ಪೆ ಎತ್ತಿ ಬೆಳಕು ಬಿಟ್ಟೆ.

"ಮಲಗಿದ ಕೂಸಿನ ಕಣ್ಣು ಯಾಕ ಬಿಡಸ್ತೀಬೇ? ತಲಿ ಕೆಟ್ಟೈತೇನು ನಿನಗ?"

ಪಾಪೆ ಕುಗ್ಗಿತು. ಇನ್ನೊಂದನ್ನು ಎತ್ತಿದೆ, ಅದೂ ಕುಗ್ಗಿತು. ಕೂಸು ಎದ್ದು ಕಿರುಚಿ ಅತ್ತಿತು. ಬಾಯೊಳಗೆ ಬೆರಳು ಹಾಕಿ ನೋಡಿದೆ, ಎಂಜಲು ತುಂಬ ಇತ್ತು. ಕೌದಿ ತೆಗೆದಿಟ್ಟ ಮೇಲೆ ಮೈ ತಣ್ಣಗಾಗತೊಡಗಿತು. ಆದರೂ ಅವಳು ಏನಾದರೂ ಮಾತಾಡಲಿ ಎಂದು ಕಾದೆ. ತೊದಲು ಮಾತೋ ಸರಿಯಾದ ಮಾತೋ ಕೇಳಬೇಕಿತ್ತು. ಬಿಕ್ಕುತ್ತ ಅತ್ತೆಯ ಕಡೆ ಬೆರಳು ಮಾಡಿದಳು.

"ಅವ್ವಾ, ಆಯಿ ಕಸಕೊಂಡ್ಳು."

ಏನು ಕಸಿದುಕೊಂಡದ್ದು ಎಂದು ಅತ್ತೆಯನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಲೇ ಇದ್ದರು. ಕೊಳವೆ ಎಲ್ಲಿ ಎಂದು ಮತ್ತೆ ಕೇಳಿದೆ. ನನ್ನ ದನಿ ಜೋರಾಗಿದ್ದಿರಬೇಕು. ಬೈಯುತ್ತೇನೆ ಎಂದುಕೊಂಡರೋ ಏನೋ, ತಾವೇ ಮೊದಲು ಬೈದರು.

"ಹೂಂ, ಕಸಕೊಂಡೆ. ನೀ ಓಣಿ ದಾಟೋದ್ರಾಗ ಕಸಕೊಂಡು ತೊಲಿ ಮ್ಯಾಲ ಒಗದೀನಿ. ನಿನ್ನ ಕಣ್ಣು ತಿಂದದ್ದು ಸಾಲಲಿಲ್ಲೇನು ಅದಕ್ಕ? ಕೂಸಿಂದೂ ತಿನ್ನಲಿ ಅಂತ ಕೊಟ್ಟು ಹೋಗಿದ್ದೇನು?"

ನಾನು ಹೊರಸಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಮೂರು ಕನ್ನಡಿ ಸೇರಿಸಿ ಇಣುಕಿದರೆ ದೃಷ್ಟಿಯನ್ನು ಅದು ಒಳಗೆ ಎಳೆದುಕೊಳ್ಳುತ್ತದೆ ಎಂದು ಅತ್ತೆ ಮೊದಲಿನಿಂದಲೂ ನಂಬಿದ್ದರಂತೆ. ಹೇಳಿದರೆ ಓದಿದ ಸೊಸೆ ನಗುತ್ತಾಳೆ ಎಂದು ಸುಮ್ಮನಿದ್ದರಂತೆ. ನಾನು ಸೆರಗಿನ ಮರೆಯಲ್ಲಿ ಹೆದರಿಕೊಂಡಿದ್ದಾಗ ಅವರು ಅಂಗಳದಲ್ಲಿ ಕೂತು ಅದೇ ಕಣ್ಣಿಗಾಗಿ ಹೆದರಿಕೊಂಡಿದ್ದರು. ಅವರ ಎಣಿಕೆ ತಪ್ಪು. ಆದರೆ ಆ ತಪ್ಪು ಎಣಿಕೆಯೇ ಕೊಳವೆಯನ್ನು ತೊಲೆಗೇರಿಸಿತ್ತು.

ಡಾಕ್ಟರು ಹೇಳಿದ್ದನ್ನು ಸಾವಕಾಶವಾಗಿ ಹೇಳಿದೆ. ಅವರು ಮೊರ ಕೆಳಗಿಟ್ಟರು.

"ಅಂದ್ರ, ನನ್ನ ಗಿಡದ್ದಾ?"

ಅವರ ಮುಖ ಅಷ್ಟು ಇಳಿದದ್ದನ್ನು ನಾನು ಹಿಂದೆ ನೋಡಿರಲಿಲ್ಲ. ತಿಂದರೆ ವಿಷ ಎಂದು ಎಲ್ಲರಿಗೂ ಗೊತ್ತಿತ್ತು, ಕಣ್ಣಿನ ವಿಷಯ ಯಾರಿಗೂ ಗೊತ್ತಿರಲಿಲ್ಲ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಮರುದಿನ ಎದ್ದು ನೋಡಿದರೆ ಗಿಡದ ಸುತ್ತ ಜಾಲಿಮುಳ್ಳು ಎದೆಮಟ್ಟ ಒಟ್ಟಿದ್ದರು. ದೇವರ ಗಿಡ ಕೀಳಲು ಮನಸ್ಸು ಬರಲಿಲ್ಲ, ಕೂಸು ಹೋಗದಂತೆ ಮಾಡದೆ ನಿದ್ದೆಯೂ ಬರಲಿಲ್ಲ.

ಯಜಮಾನರು ಮದುವೆಯಿಂದ ಬಂದವರು ಬಾಗಿಲಲ್ಲೇ ನನ್ನ ಮುಖ ನೋಡಿ ತಿಳಿದುಕೊಂಡರು. ಎಲ್ಲ ಕೇಳಿ, ವಳಕಮದಿನ್ನಿಯವರಿಗೆ ಹೇಳೋಣವೇ, ನಿಮ್ಮ ಹುಡುಗಿಯ ಮುಖ ಅರಳಿಸಲು ಹೋಗಿ ನನ್ನ ಹೆಂಡತಿಯ ಕಣ್ಣು ಅರಳಿತು ಎಂದು, ಎಂದರು. ಆ ಚೇಷ್ಟೆ ಕೇಳಿ ನನಗೆ ಅಳು ಬಂತು.

ಆಮೇಲೆ ದಿನಾ ಬೆಳಿಗ್ಗೆ ಹೊಸ್ತಿಲ ಬಳಿ ನಿಲ್ಲುವುದು ಕ್ರಮವಾಯಿತು. ಅತ್ತೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಅಳೆಯುತ್ತಿದ್ದರು. ನಿನ್ನೆ ಕಡಲೆ, ಇಂದು ತೊಗರಿ. ಒಂದು ದಿನ ತೊಗರಿಯಲ್ಲೇ ನಿಂತಾಗ ಇಬ್ಬರಿಗೂ ಊಟ ಸೇರಲಿಲ್ಲ. ಆಮೇಲೆ ಜೋಳಕ್ಕೆ ಇಳಿಯಿತು. ಕೊನೆಗೊಂದು ಬೆಳಿಗ್ಗೆ ಎರಡೂ ಕಣ್ಣು ಬಹಳ ಹೊತ್ತು ನೋಡಿ, "ಎರಡೂ ಸಾಸ್ವಿ" ಎಂದು ಗದ್ದ ಬಿಟ್ಟು ಒಲೆಯ ಕಡೆ ಹೋದರು. ಅಂದು ಪೆನ್ಸಿಲ್ಲಿನ ಮೊನೆ ನನಗೆ ಕಂಡಿತು.

ಕೊಳವೆಯ ಹಳೇ ಬಟ್ಟೆ ಸುಟ್ಟು ಹಾಕಿದೆ. ತಗಡುಗಳನ್ನು ಸೋಡಾ ನೀರಲ್ಲಿ ಕುದಿಸಿದೆ. ಹೊಸ ಸುತ್ತು ಹೊಲಿದು, ಕಣ್ಣಿನ ತುದಿಗೆ ಕೆಂಪು ದಾರ, ಹೂವಿನ ತುದಿಗೆ ಕರಿ ದಾರ ಕಟ್ಟಿದೆ. ಸೇವಂತಿಗೆ, ಮಲ್ಲಿಗೆ, ಕಣಗಿಲೆ ಯಾವುದಾದರೂ ಸರಿ, ಕರಿ ದಾರದ ತುದಿ ಕಣ್ಣಿನ ಹತ್ತಿರ ಬರುವಂತಿಲ್ಲ. ವಳಕಮದಿನ್ನಿಯ ಮದುಮಗಳು ತಿಂಗಳ ನಂತರ ಸ್ಟುಡಿಯೋಗೆ ಬಂದು ಕೂತಳು. ಅವಳ ಮುಖ ಎಸಳೆಸಳಾಗಿ ಚೆನ್ನಾಗಿಯೇ ಬಂತು. ಉಮ್ಮತ್ತಿಯ ಪ್ರಿಂಟನ್ನು ಮುಂದಿನ ಪೆಟ್ಟಿಗೆಯಲ್ಲಿಡಲು ಅತ್ತೆ ಬಿಡಲಿಲ್ಲ. ಅಷ್ಟೂ ಕಣ್ಣುಗಳು ತಮ್ಮನ್ನೇ ನೋಡುತ್ತವೆ ಎಂದರು. ಹೌದೆಂದೇ ನನಗೂ ಅನಿಸಿತು. ಅದು ಈಗಲೂ ಟ್ರಂಕಿನಲ್ಲಿ ಮಗುಚಿದ ಹಾಗೇ ಇದೆ.

ಎಷ್ಟೋ ಕಾಲದ ನಂತರ, ತೊಂಬತ್ತರ ದಶಕ ಹುಟ್ಟಿದ ಮೇಲೆ, ಒಂದು ಮಧ್ಯಾಹ್ನ ನಾನು ಸೇವಂತಿಗೆ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು. ಅದರೊಳಗೆ ಅಂಥದ್ದೇನು ಕಾಣುತ್ತದೆ ಎಂದು ಕೇಳಿದರು. ಅಲ್ಲಿಯವರೆಗೆ ಒಮ್ಮೆಯೂ ಇಣುಕಿದವರಲ್ಲ. ನಾನು ಕೆಂಪು ದಾರದ ತುದಿ ಅವರ ಕಡೆ ಹಿಡಿದೆ. ಅದನ್ನು ತಮ್ಮ ಸೆರಗಿನಿಂದ ಎರಡು ಸಲ ಒರೆಸಿ, ಉಸಿರು ಬಿಗಿಹಿಡಿದು ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಕೊಳವೆ ಮೆಲ್ಲಗೆ ತಿರುಗುತ್ತಿತ್ತು. ಕೊನೆಗೆ ವಾಪಸು ಕೊಟ್ಟು ಒಳಗೆ ಹೋದರು.

ಅದು ಬರೀ ಸೇವಂತಿಗೆ ಎಂದು ನನಗೆ ಗೊತ್ತಿತ್ತು. ದಾರದ ಬಣ್ಣ ತಪ್ಪಿಲ್ಲ ಎಂದೂ ಗೊತ್ತಿತ್ತು. ಆದರೂ ಸಂಜೆ ಅವರು ಹೊಸ್ತಿಲಿಗೆ ದೀಪ ಇಡಲು ಬಂದಾಗ ನಾನು ತಡೆದು ನಿಲ್ಲಿಸಿದೆ. ಅವರು ಯಾಕೆಂದು ಕೇಳಲಿಲ್ಲ. ತಾವೇ ಗದ್ದ ಎತ್ತಿ ಬೆಳಕಿಗೆ ತಿರುಗಿದರು.

"ಏನೈತಿ ಹೇಳು."

"ಸಾಸ್ವಿ ರೀ, ಅತ್ತಿ. ಎರಡೂ."